ತಣ್ಣಗಿದ್ದ ಎಲೆ

ಗಿಡಕ್ಕೂ ಜ್ವರ ಬರುತ್ತದೆ ಎಂದು ನನಗೆ ಹೇಳಿಕೊಟ್ಟವರು ನಮ್ಮ ಬಾಟನಿ ಮೇಡಂ. ದಾರಿಯಲ್ಲಿ ಯಾವ ಗಿಡದ ಪಕ್ಕ ಹಾದುಹೋದರೂ ಒಂದು ಎಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಗಳಿಗೆ ನಿಲ್ಲುತ್ತಿದ್ದರು. ಬೇಲಿಯ ದಾಸವಾಳವಾಗಲಿ, ಬಸ್ ಸ್ಟ್ಯಾಂಡಿನ ಹೊಂಗೆಯಾಗಲಿ, ಯಾವುದನ್ನೂ ಬಿಡುತ್ತಿರಲಿಲ್ಲ. "ಬಿಸಿ ಇದೆ, ಪಾಪ" ಎಂದೋ, "ಇದು ಆರಾಮಾಗಿದೆ" ಎಂದೋ ಹೇಳಿ ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಜೊತೆಯಲ್ಲಿರುತ್ತಿದ್ದ ನಾನು ಬಸ್ ತಪ್ಪಿಹೋಗುತ್ತದೆಂದು ಒದ್ದಾಡುತ್ತಿದ್ದೆ.

ಅವರು ಈಚೆಗೆ ನಿವೃತ್ತರಾದರು. ನಾನೀಗ ಗೌರಿಬಿದನೂರಿನಲ್ಲಿದ್ದೇನೆ, ಸುದ್ದಿ ತಡವಾಗಿ ಬಂತು. ಬೀಳ್ಕೊಡುಗೆ ಸಮಾರಂಭ ಬೇಡವೇ ಬೇಡವೆಂದು ಹಟ ಹಿಡಿದರಂತೆ. ಅಲ್ಲಿ ನಾಲ್ಕು ಜನ ಎದ್ದು ನಿಂತು ತಮ್ಮ ಬಗ್ಗೆ ಏನಾದರೂ ಮಾತಾಡಿಬಿಟ್ಟರೆ ಎಂಬ ಹೆದರಿಕೆ ಇದ್ದಿರಬೇಕು. ಅವರಿಗೆ ಕೇಳಿಸದಷ್ಟು ದೂರದಲ್ಲಿ ಕೂತು ನಾನಾದರೂ ನಾಲ್ಕು ಮಾತು ಆಡೋಣ ಅನ್ನಿಸಿತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಕಾಲ. ನಾವಿಬ್ಬರೂ ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ನಾನು ಕನ್ನಡ, ಅವರು ಬಾಟನಿ, ಒಬ್ಬರಿಗೊಬ್ಬರು ಮೇಡಂ. ಒಂದೇ ವಠಾರದಲ್ಲಿ ಎದುರುಬದುರು ಮನೆ. ಅವರಿಗೆ ಆಗಲೇ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಗಾಬರಿ ಅವರ ಹುಟ್ಟುಗುಣ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನವರೆಗೆ ಬಂದು, ಮತ್ತೆ ವಾಪಸ್ ಹೋಗಿ ಎಳೆದು ನೋಡುವರು. ಕೈಚೀಲದಲ್ಲಿ ಸದಾ ಒಂದು ಕೊಡೆ. ಯಾಕೆ ಮೇಡಂ, ಈ ಊರಿನಲ್ಲಿ ಮಳೆಯ ಮುಖ ನೋಡಿ ಯಾವ ಕಾಲವಾಯಿತು ಎಂದರೆ, "ಬಂದ್ಬಿಟ್ರೆ?" ಎನ್ನುವರು. ಎಂಥ ಸಣ್ಣ ಕೆಲಸಕ್ಕೆ ಕೈಹಾಕುವಾಗಲೂ ಎದುರಿಗಿದ್ದವರನ್ನು "ಏನೂ ಆಗಲ್ಲ ಅಲ್ವಾ?" ಎಂದು ಒಂದು ಸಲ ಕೇಳಲೇಬೇಕು. ನಾನೇನು ಧೈರ್ಯವಂತೆಯಲ್ಲ. ಇಬ್ಬರು ಪುಕ್ಕಲರು ಎದುರುಬದುರು ಇದ್ದರೆ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಇಬ್ಬರ ಗಾಬರಿಯೂ ಹೆಚ್ಚಾಯಿತು.

ವಠಾರದ ಓನರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವರು. ಆ ದಂಧೆ ಕೈಕೊಟ್ಟ ಮೇಲೆ ಚಿಂತಾಮಣಿಗೆ ಬಂದು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಮೇಡಂ ಮನೆ ಕೇಳಿಕೊಂಡು ಬಂದಾಗ "ಯಾವ ಜನಮ್ಮ ನೀವು?" ಎಂದರಂತೆ. ಮೇಡಂ "ಬೌದ್ಧರು" ಎಂದರಂತೆ. ಓನರು ಸ್ವಲ್ಪ ಹೊತ್ತು ಯೋಚಿಸಿ, ಈ ಉತ್ತರ ಬಂದರೆ ಮುಂದೆ ಏನು ಕೇಳಬೇಕೆಂದು ಹೊಳೆಯದೆ ಬೀಗದ ಕೈ ಕೊಟ್ಟುಬಿಟ್ಟರಂತೆ. ಇದನ್ನು ಹೇಳುವಾಗ ಮೇಡಂ ನಗುತ್ತಿದ್ದರು. ಆದರೆ ಓನರಿಗೆ ಯಾವತ್ತಾದರೂ ಆ ಮುಂದಿನ ಪ್ರಶ್ನೆ ಹೊಳೆದುಬಿಟ್ಟರೆ ಎಂಬ ಭಯ ಅವರಿಗೆ ಬಹಳ ಕಾಲ ಇತ್ತು.

ಆ ವಠಾರದ ಹಿತ್ತಲಿನಲ್ಲಿ ಅವರು ಟೀ ಗಿಡ ಸಾಕಿದ್ದರು. ಹೌದು, ಚಿಂತಾಮಣಿಯಲ್ಲಿ. ರಾಗಿ, ಟೊಮೆಟೊ, ಮಾವು, ಹಿಪ್ಪುನೇರಳೆ ಬಿಟ್ಟರೆ ಬೇರೆ ಬೆಳೆಯ ಹೆಸರೇ ಎತ್ತದ ಊರಿನಲ್ಲಿ ಸಿಮೆಂಟ್ ಕುಂಡಗಳ ಎರಡು ಸಾಲು, ಒಂದೊಂದರಲ್ಲೂ ಮೊಣಕಾಲೆತ್ತರದ ಟೀ ಗಿಡ. ನೀರಿಲ್ಲದಾಗ, ಬಿಸಿಲು ಸುಡುವಾಗ ಟೀ ಗಿಡ ಏನು ಮಾಡುತ್ತದೆ ಎನ್ನುವುದು ಅವರ ಪಿಎಚ್‌ಡಿ ವಿಷಯ. ಬೆಂಗಳೂರಿನಲ್ಲಿದ್ದ ಅವರ ಗೈಡು ನೀಲಗಿರಿ ಕಡೆಯಿಂದ ಸಸಿ ತರಿಸಿಕೊಟ್ಟಿದ್ದರು. ಓನರು ಹಿತ್ತಲಿಗೆ ಬಂದಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟು ನಿಂತು, ತೆಲುಗು ಬೆರೆಸಿ, "ಏಂದಮ್ಮಾ ಇದಿ, ಟೀ ಬೇಕಂದ್ರೆ ಬಸ್ ಸ್ಟ್ಯಾಂಡ್ ಹತ್ರ ಹೋಟ್ಲಿದೆ ಕದಾ" ಎನ್ನುತ್ತಿದ್ದರು. ಆದರೂ ತಮ್ಮಲ್ಲಿ ಸುಮ್ಮನೆ ಬಿದ್ದಿದ್ದ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗಿಡಗಳ ನೆರಳಿಗೆ ಕೊಟ್ಟವರು ಅವರೇ.

ಇದನ್ನೆಲ್ಲ ಊಟಿ ಕಡೆ ಹೋಗಿ ಮಾಡಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ.

"ಅಲ್ಲಿ ಟೀ ಗಿಡಕ್ಕೆ ಏನ್ ಕಷ್ಟ ಇದೆ ಮೇಡಂ? ಕಷ್ಟ ನೋಡ್ಬೇಕು ಅಂದ್ರೆ ಇಲ್ಲಿಗೇ ತರ್ಬೇಕು" ಎಂದಿದ್ದರು.

ಕಷ್ಟಕ್ಕೇನೂ ಕೊರತೆ ಇರಲಿಲ್ಲ. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಅದೂ ಪಾತಾಳದ ಬೋರ್‌ವೆಲ್ಲಿನದು. ಕಾಸಿದ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಕೂರುತ್ತಿತ್ತು. ನಮ್ಮ ಕಡೆಯ ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಬರಿಸುವ ನೀರು ಅದು. ಟೀ ಗಿಡಕ್ಕೆ ಅದು ಸೇರುವುದಿಲ್ಲ, ಹುಳಿ ಮಣ್ಣು, ಮೆತ್ತನೆ ನೀರು ಬೇಕು. ಅದಕ್ಕಾಗಿ ಮೇಡಂ ಮಳೆ ಬಂದಾಗ ತಾರಸಿಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ಮುಚ್ಚಳ ಬಿಗಿದು, ಮೇಲೊಂದು ಕಲ್ಲು ಹೇರಿಡುತ್ತಿದ್ದರು. ಗಿಡಕ್ಕೆ ಮಳೆನೀರು, ನಮಗೆ ಬೋರ್ ನೀರು. ನಾನು ರೇಗಿಸಿದರೆ, "ನಾವು ಹೆಂಗೋ ತಡ್ಕೋತೀವಿ" ಎನ್ನುತ್ತಿದ್ದರು.

ಅವರ ಪಾಠವನ್ನು ನಾನು ಪಕ್ಕದ ಕೋಣೆಯಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ನಡುವಿನ ಗೋಡೆ ತೆಳ್ಳಗಿತ್ತು. ಸ್ಟಾಫ್ ರೂಮಿನಲ್ಲಿ ಬಾಯಿ ಬಿಡಲು ಹೆದರುವ ಹೆಂಗಸು ತರಗತಿಯಲ್ಲಿ ಬೇರೆಯೇ ಆಗುತ್ತಿದ್ದರು. "ಕಷ್ಟ ಬಂದ್ರೆ ನೀವು ಎದ್ದು ಓಡೋಗ್ತೀರ ಕಣ್ರಪ್ಪ. ಗಿಡ ಎಲ್ಲಿಗೆ ಓಡೋಗುತ್ತೆ? ನೀರಿಲ್ಲ ಅಂತ ಗೊತ್ತಾದ್ ಕೂಡ್ಲೆ ಎಲೇಲಿರೋ ಸಣ್ಣ ಸಣ್ಣ ಬಾಗಿಲೆಲ್ಲ ಮುಚ್ಕೊಳ್ಳುತ್ತೆ. ಒಳಗಿರೋ ನೀರು ಉಳೀತು. ಆದ್ರೆ ಗಾಳಿ ಬರೋದೂ ಅದೇ ಬಾಗಿಲಲ್ಲಿ. ಗಾಳಿ ಇಲ್ದಿದ್ರೆ ಅಡುಗೆ ಇಲ್ಲ. ಬಾಯಾರ್ಕೆ ತಪ್ಪಿಸ್ಕೊಳ್ಳೋಕೆ ಹೋಗಿ ಉಪವಾಸ ಬೀಳುತ್ತೆ. ಬೆವರೋದು ನಿಂತಿದ್ದಕ್ಕೆ ಮೈ ಬೇರೆ ಬಿಸಿಯಾಗುತ್ತೆ." ಆಮೇಲೂ ನೀರು ಸಿಗದಿದ್ದರೆ ಚಿಗುರುಮೊಗ್ಗು ಬೆಳೆಯುವುದನ್ನು ಬಿಟ್ಟು ಮಲಗಿಬಿಡುತ್ತದಂತೆ. ಕೆಳಗಿನ ಹಳೆ ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತವಂತೆ, ಮೇಲಿನವು ಉಳಿಯಲಿ ಎಂದು. ಹೀಗೆ ಹೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. ನಾನು ನನ್ನ ಹಳಗನ್ನಡ ಪದ್ಯವನ್ನು ಅರ್ಧಕ್ಕೆ ಬಿಟ್ಟು ಕಿವಿಗೊಡುತ್ತಿದ್ದೆ.

ಒಂದು ಭಾನುವಾರ ನನ್ನನ್ನು ಕರೆದು ಟೀ ಕೊಟ್ಟರು. ಕಡಿಮೆ ನೀರು ಕಂಡ ಗಿಡಗಳ ಎಲೆಗಳನ್ನೇ ಕೈಯಲ್ಲಿ ಹೊಸೆದು, ಒಣಗಿಸಿ ಮಾಡಿದ್ದು. ಒಂದು ಗುಟುಕಿಗೆ ನನ್ನ ನಾಲಗೆ ಒಗರಿನಿಂದ ಮುದುಡಿಹೋಯಿತು. "ಕಷ್ಟಪಟ್ಟ ಗಿಡದ್ದು, ಹಂಗೇ ಇರುತ್ತೆ" ಎಂದು ಮುಖ ಸಣ್ಣದು ಮಾಡಿಕೊಂಡರು. ನಾನು ಸಕ್ಕರೆಯ ಮೇಲೆ ಸಕ್ಕರೆ ಹಾಕಿಕೊಂಡು ಲೋಟ ಖಾಲಿ ಮಾಡಿದೆ.

ಇಷ್ಟೆಲ್ಲ ಚೆನ್ನಾಗಿತ್ತು. ಚೆನ್ನಾಗಿಲ್ಲದ್ದು ಸಮಯ. ಪಿಎಚ್‌ಡಿಗೆ ಹೆಸರು ಬರೆಸಿ ವರ್ಷಗಳಾಗಿದ್ದವು, ಸಿಗಬೇಕಾದ ಗಡುವೆಲ್ಲ ಸಿಕ್ಕಿ ಮುಗಿದಿತ್ತು, ಗೈಡು ಆ ವರ್ಷವೇ ರಿಟೈರ್ ಆಗುವವರಿದ್ದರು. ಎರಡು ಬೇಸಗೆ ಹಿಂದೆ ಸಸಿ ಚಿಕ್ಕವಿದ್ದವು, ಹಿಂದಿನ ಬೇಸಗೆಯಲ್ಲಿ ಅಕಾಲ ಮಳೆ ಬಂದು ಅರ್ಧಕ್ಕೇ ಕೆಟ್ಟಿತ್ತು. ಹಾಗಾಗಿ ಉಳಿದದ್ದು ಇದೊಂದೇ ಬೇಸಗೆ. ಕೆಲಸ ಕೇಳಲು ಸುಲಭ: ಒಂದು ಸಾಲಿಗೆ ನೀರು ಹಾಕಬೇಕು, ಇನ್ನೊಂದು ಸಾಲಿಗೆ ಹಾಕಬಾರದು. ಪ್ರತಿದಿನ ಬೆಳಿಗ್ಗೆ ಟೊಮೆಟೊ ಮಂಡಿಯಿಂದ ತಂದಿದ್ದ ತಕ್ಕಡಿಯ ಮೇಲೆ ಕುಂಡಗಳನ್ನಿಟ್ಟು ಎಷ್ಟು ನೀರು ಆರಿದೆ ಎಂದು ನೋಡಬೇಕು. ಗಿಡ ಪೂರ್ತಿ ಸೋತು ತಲೆಬಾಗಿದ ಮೇಲೆ ನೀರು ಕೊಟ್ಟು, ಯಾವ ತಳಿ ಎದ್ದು ನಿಲ್ಲುತ್ತದೆ, ಯಾವುದು ಏಳುವುದಿಲ್ಲ ಎಂದು ಬರೆದುಕೊಳ್ಳಬೇಕು. ನಡುವೆ ಒಂದು ಚೊಂಬು ನೀರು ಬಿದ್ದರೂ ಎಲ್ಲ ಮೊದಲಿನಿಂದ ಆಗಬೇಕು, ಮೊದಲಿನಿಂದ ಮಾಡಲು ಮುಂದಿನ ಬೇಸಗೆ ಅವರ ಪಾಲಿಗೆ ಇಲ್ಲ. ಇದನ್ನು ನನಗೆ ಎಷ್ಟು ಸಲ ಹೇಳಿದರೆಂದರೆ ನನಗೂ ಆ ಹಿತ್ತಲಲ್ಲಿ ತುಂಬಿದ ಕೊಡ ಹಿಡಿದು ನಡೆಯಲು ಭಯವಾಗುತ್ತಿತ್ತು.

ಅದೇ ಬೇಸಗೆಯಲ್ಲಿ ಅವರ ತಾಯಿ ಬಂದರು. ಪೆರೇಸಂದ್ರದಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದು, ಹೊಲದ ಕೆಲಸ ಮಾಡಿಕೊಂಡು, ಮಗಳನ್ನು ಓದಿಸಿದ ಹೆಂಗಸು. ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ ಮಾಡಿಸಿ, ಔಷಧಿ ಬಿಡಲು ಅನುಕೂಲವಾಗಲಿ ಎಂದು ಮೇಡಂ ಇಲ್ಲಿಗೆ ಕರೆತಂದರು. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ಕೂತ ಆ ಅಮ್ಮ ಎರಡೇ ದಿನದಲ್ಲಿ ವಠಾರದವರಿಗೆಲ್ಲ ಒಂದೇ ಸುದ್ದಿ ಹೇಳಿ ಮುಗಿಸಿದ್ದರು. "ನಮ್ ಹುಡ್ಗಿ ಡಾಕ್ಟ್ರು ಆಗ್ತಾಳೆ. ಸೂಜಿ ಚುಚ್ಚೋ ಡಾಕ್ಟ್ರಲ್ಲ, ಅದಕ್ಕಿಂತ ದೊಡ್ದು. ನಮ್ ಕೇರೀಲಿ ಯಾರೂ ಆಗಿಲ್ಲ." ಮಗಳು ಒಳಗಿನಿಂದ "ಅಮ್ಮಾ, ಇನ್ನೂ ಆಗಿಲ್ಲ ಸುಮ್ನಿರಮ್ಮ" ಎಂದು ಸಂಕಟಪಡುತ್ತಿದ್ದರು.

ಗಿಡಗಳು ಬಾಡಲು ಶುರುವಾದ ಹೊತ್ತಿಗೆ ಸರಿಯಾಗಿ ಮೇಡಂಗೆ ಬೆಂಗಳೂರಿನಲ್ಲಿ ಪರೀಕ್ಷೆ ಪೇಪರು ತಿದ್ದುವ ಡ್ಯೂಟಿ ಬಿತ್ತು. ತಪ್ಪಿಸಿಕೊಳ್ಳಲು ಎಲ್ಲ ಪ್ರಯತ್ನ ಮಾಡಿದರು, ಪ್ರಿನ್ಸಿಪಾಲರು ಒಪ್ಪಲಿಲ್ಲ. ಹೊರಡುವ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಹಿತ್ತಲಿಗೆ ಕರೆದೊಯ್ದರು. ತೂಕ ನೋಡುವುದು ನಿಮ್ಮ ಕೈಲಾಗುವುದಿಲ್ಲ, ಕೆಲವು ದಿನ ತಪ್ಪಿದರೂ ನಡೆಯುತ್ತದೆ, ನಾನು ಬಂದು ನೋಡುತ್ತೇನೆ, ಚಂದ್ರಿಕೆ ಗಾಳಿಗೆ ಬೀಳದಂತೆ ನೋಡಿಕೊಳ್ಳಿ, ಅಮ್ಮನಿಗೆ ಕಣ್ಣಿನ ಔಷಧಿ ಬಿಡಿ, ನೀರು ಹಾಕದ ಈ ಸಾಲಿನ ಹತ್ತಿರ ನೀರು ಸುಳಿಯದಂತೆ ಕಾಯಿರಿ ಎಂದರು. "ಏನೂ ಆಗಲ್ಲ ಅಲ್ವಾ?" ಎಂದು ಕೇಳಿದರು. ನಾನು ಆಗಲ್ಲ ಎಂದೆ. ಅವರು ಬಸ್ ಹತ್ತಿದ ಮೇಲೆ ಮತ್ತೊಮ್ಮೆ ಹಿತ್ತಲಿಗೆ ಹೋಗಿ ನೋಡಿ ಬಂದೆ.

ಮೊದಲ ದಿನ ಆ ಸಾಲಿನ ಗಿಡಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಜೋತುಬಿದ್ದವು. ಆದರೂ ಸರಿಯಾದ ದಾರಿಯಲ್ಲಿವೆ ಎಂದು ಸಮಾಧಾನ ಮಾಡಿಕೊಂಡೆ. ಎರಡು ದಿನ ಬಿಟ್ಟು ನೋಡಿದರೆ ಅಷ್ಟೇನೂ ಬಾಡಿಲ್ಲ ಅನ್ನಿಸಿತು. ಮಾರನೆಯ ದಿನ ಇನ್ನೂ ಚೆನ್ನಾಗಿ ಕಂಡವು. ಮೇಡಂ ದಿನಾ ಸಂಜೆ ಮೊಬೈಲಿಗೆ ಫೋನ್ ಮಾಡುತ್ತಿದ್ದರು.

"ಬಾಡಿದಾವಾ ಮೇಡಂ?"

"ಇಲ್ಲ ಮೇಡಂ. ಗಟ್ಟಿ ಗಿಡ ನಿಮ್ಮವು. ನೆಟ್ಟಗೆ ನಿಂತಿದಾವೆ" ಎಂದೆ ಖುಷಿಯಿಂದ.

ಅವರು ಬಹಳ ಮೆಲ್ಲಗೆ, "ಒಂದು ಎಲೆ ಮುಟ್ಟಿ ನೋಡ್ತೀರಾ? ಬಿಸಿ ಇದೆಯಾ, ತಣ್ಣಗಿದೆಯಾ?" ಎಂದರು.

ಫೋನ್ ಕಿವಿಗಿಟ್ಟುಕೊಂಡೇ ಹಿತ್ತಲಿಗೆ ಹೋದೆ. ಹೊತ್ತು ಮುಳುಗಿರಲಿಲ್ಲ, ಗೋಡೆ ಇನ್ನೂ ಸುಡುತ್ತಿತ್ತು. ಎಲೆ ಹಿಡಿದೆ. "ತಣ್ಣಗಿದೆ ಮೇಡಂ" ಎಂದೆ. ಹೇಳುತ್ತಿದ್ದ ಹಾಗೇ ಅದರ ಅರ್ಥ ನನಗೂ ಹೊಳೆಯಿತು. ಬಾಗಿಲು ತೆರೆದಿದೆ, ಬೆವರುತ್ತಿದೆ, ಅಂದರೆ ಯಾರೋ ನೀರು ಹಾಕಿದ್ದಾರೆ. "ಸರಿ" ಎಂದು ಅವರು ಫೋನ್ ಇಟ್ಟರು.

ಕಾವಲಿಗೆ ಬಿಟ್ಟು ಹೋದವಳು ನಾನು. ನೇರ ಓನರ ಮನೆಗೆ ನುಗ್ಗಿ ಜೋರು ಮಾಡಿದೆ. ಅವರು ಕೂತಲ್ಲಿಂದ ಏಳದೆ, "ನಮ್ಗೇ ಟ್ಯಾಂಕರ್ ನೀರು. ನಾನ್ಯಾಕೆ ತಗೊಂಡೋಗಿ ಆ ಟೀಗೆ ಹುಯ್ಲಿ? ಏಮ್ಮಾ, ಬುದ್ಧಿ ಇದೆಯಾ ನಿಮ್ಗೆ" ಎಂದರು. ಅದೂ ನಿಜವೇ ಅನ್ನಿಸಿ ವಾಪಸ್ ಬಂದೆ. ಅಮ್ಮನ ಕಣ್ಣಿಗೆ ಔಷಧಿ ಬಿಡುವಾಗ ಎರಡು ಹನಿ ಕೆನ್ನೆಯ ಮೇಲೆ ಬಿತ್ತು. "ಯಾಕ್ ತಾಯಿ, ಮೈ ಹುಷಾರಿಲ್ವಾ?" ಎಂದು ಅವರೇ ಕೇಳಿದರು.

ಮೇಡಂ ಡ್ಯೂಟಿ ಮುಗಿಸಿಕೊಂಡು ಬಂದವರು ಚಪ್ಪಲಿ ಬಿಡದೆ ಹಿತ್ತಲಿಗೆ ಹೋದರು. ಕುಂಡದ ಪಕ್ಕ ಕೂತು ಮಣ್ಣಿನ ಮೇಲೆ ಬೆರಳಾಡಿಸಿದರು. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಕೂತಿತ್ತು. "ನಲ್ಲಿ ನೀರು" ಎಂದರು. ಡ್ರಮ್ಮಿನ ಮೇಲಿನ ಕಲ್ಲು ಇಟ್ಟ ಜಾಗದಲ್ಲೇ ಇತ್ತು. ಕುಂಡವನ್ನು ತಕ್ಕಡಿಯ ಮೇಲಿಟ್ಟರು, ಮುಳ್ಳು ನೋಡಿದರು, ಇಳಿಸಿದರು. ಎರಡನೆಯದನ್ನು ಇಡಲಿಲ್ಲ.

ಅಷ್ಟರಲ್ಲಿ ಅವರ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅಡಗಿಸುವ ಯೋಚನೆಯೇ ಅವರಿಗಿರಲಿಲ್ಲ.

"ನಿನ್ ಡ್ರಮ್ಮು ಮುಟ್ಟಿಲ್ಲ ಕಣ್ ಮಗಾ. ನಾನ್ ಕುಡಿಯೋ ನೀರಲ್ಲೇ ಮಿಗ್ಸಿ ಒಂದೊಂದು ಚೊಂಬು ಹಾಕ್ದೆ" ಎಂದರು.

"ಮುಟ್ಬೇಡ ಅಂದಿದ್ನಲ್ಲಮ್ಮ."

"ಅಂದಿದ್ದೆ. ಆವಾಗ ನಂಗೆ ಇನ್ನೂ ಸರ್ಯಾಗಿ ಕಣ್ಣು ಕಾಣ್ತಿರ್ಲಿಲ್ಲ. ಈಗ ಕಾಣುತ್ತಲ್ಲ." ಗೋಡೆಗೆ ಒರಗಿ ಕೂತು ಹೇಳಿದರು. "ನಾನು ಚಿಕ್ಕೋಳಿದ್ದಾಗ ಊರ ಬಾವಿ ಹತ್ರ ಬಿಂದ್ಗೆ ಇಕ್ಕೊಂಡು ಕುಂತಿರ್ತಿದ್ವಿ. ಹಗ್ಗ ನಾವು ಮುಟ್ಟಂಗಿಲ್ಲ. ಯಾರಾನ ಬಂದು ಸೇದಿ ಹುಯ್ದ್ರೆ ಉಂಟು. ಬರೋರೆಲ್ಲ ಹುಯ್ತಿರ್ಲಿಲ್ಲ, ನೋಡ್ಕಂಡು ಹೋಗೋರು. ಕೆಟ್ಟೋರೇನಲ್ಲ, ಅವ್ರಿಗೂ ಕೆಲ್ಸ ಇರ್ತಿತ್ತು. ಈ ಗಿಡದ ಮುಂದೆ ಎರಡು ದಿನ ಹಂಗೇ ಹೋದೆ ಬಂದೆ. ನಾನೂ ನೋಡ್ಕಂಡು ಹೋಗೋಳಾದ್ನಲ್ಲ ಅನ್ನಿಸ್ತು ಕಣ್ ಮಗಾ."

ಮೇಡಂ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅತ್ತುಬಿಡುತ್ತಾರೆ, ಇಲ್ಲವೇ ಕಿರುಚುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಕೈಗೆ ಹತ್ತಿದ್ದ ಮಣ್ಣನ್ನು ಸೀರೆಗೆ ಒರೆಸಿಕೊಂಡು ಎದ್ದರು.

"ತಪ್ಪಾಯ್ತಾ?" ಎಂದು ತಾಯಿ ಕೇಳಿದರು.

"ಇಲ್ಲಮ್ಮ. ನನ್ ಕೆಲ್ಸ ಆಗಿತ್ತು. ಇನ್ಮೇಲೆ ನೀನೇ ಹಾಕು" ಎಂದು ಡ್ರಮ್ಮಿನ ಮೇಲಿನ ಕಲ್ಲನ್ನು ಇಳಿಸಿಕೊಟ್ಟರು. ಆ ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತೇ ಎರಡೂ ಸಾಲಿಗೆ ನೀರು ಹಾಕಿದರು. ನಾನು ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಇದಾದ ಮೇಲಿನ ದಿನಗಳೇ ನಿಜವಾಗಿ ಕೆಟ್ಟವು. ಗೈಡು ಒಳ್ಳೆಯವರು, ಶಿಷ್ಯೆಯ ಕೈ ಬಿಡಲು ಮನಸ್ಸಿರಲಿಲ್ಲ. ಹಿಂದಿನ ವರ್ಷ ಕೆಲವು ಸಸಿಗಳ ಮೇಲೆ ನೋಡಿದ್ದು ಇದೆಯಲ್ಲ, ಗಿಡ ಹೇಗೆ ಸೋಲುತ್ತದೆಂದು ನಿಮಗೆ ಗೊತ್ತೇ ಇದೆ, ಅದೇ ಅಂದಾಜಿನಲ್ಲಿ ಈ ವರ್ಷದ ಅಂಕಿ ತುಂಬಿಸಿ ತನ್ನಿ, ಪರೀಕ್ಷಕರೇನು ನಿಮ್ಮ ಹಿತ್ತಲಿಗೆ ಬಂದು ನೋಡುವುದಿಲ್ಲ ಎಂದರಂತೆ. ಮೇಡಂ ಇದನ್ನು ನನಗೆ ಬಂದು ಹೇಳಿದರು. ನಾನು ಎರಡನೆಯ ಮಾತಿಲ್ಲದೆ, "ತುಂಬಿಸ್ಬಿಡಿ ಮೇಡಂ. ಯಾರ ಮನೆ ಹಾಳಾಗುತ್ತೆ?" ಎಂದೆ. ಈಗಲೂ ಹಾಗೇ ಹೇಳುತ್ತೇನೆ. ಟೀ ಗಿಡ ಸೋಲುವುದು ಒಂದೆರಡು ದಿನ ಹಿಂದುಮುಂದಾದರೆ ಪ್ರಪಂಚಕ್ಕೇನು ನಷ್ಟವೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ಪ್ರಯತ್ನಪಟ್ಟರು, ಸುಳ್ಳು ಹೇಳಬಾರದು. ಪೆನ್ಸಿಲ್ ಹಿಡಿದು ಕೂರುವರು, ಬರೆಯುವರು, ಉಜ್ಜುವರು. ಊಟ ಬಿಟ್ಟರು. ಕಾಲೇಜಿನಲ್ಲಿ ಪಾಠದ ನಡುವೆ ಮಾತು ನಿಂತುಹೋಗಿ ಕಿಟಕಿಯ ಕಡೆ ನೋಡುತ್ತಿದ್ದರಂತೆ. ತಾಯಿ ಮಾತ್ರ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಡಾಕ್ಟ್ರು ಸ್ವಲ್ಪ ದಿನದಲ್ಲೇ ಬಂದುಬಿಡುತ್ತದೆ ಎನ್ನುತ್ತಿದ್ದರು. ಒಂದು ಸಂಜೆ ಮೇಡಂ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂತರು.

"ಆಗ್ತಿಲ್ಲ ಮೇಡಂ. ಆ ದಿನ ಎಲೆ ತಣ್ಣಗಿತ್ತು. ನೀವೇ ಮುಟ್ಟಿ ಹೇಳಿದ್ರಿ. ಬಿಸಿ ಇತ್ತು ಅಂತ ಹೆಂಗೆ ಬರೀಲಿ?"

"ಅಮ್ಮನಿಗೆ ಏನ್ ಹೇಳ್ತೀರಾ?"

ಅವರು ಎದ್ದು ತಮ್ಮ ಮನೆಗೆ ಹೋದರು. ಮಾರನೆಯ ದಿನ ಬೆಂಗಳೂರಿಗೆ ಹೋಗಿ, ನನ್ನ ಕೈಲಿ ಆಗುವುದಿಲ್ಲವೆಂದು ಗೈಡಿಗೆ ಹೇಳಿ ಬಂದರು. ಬಸ್ ಇಳಿದು ಬರುವ ಹೊತ್ತಿಗೆ ತಾಯಿ ಗೇಟಿನಲ್ಲೇ ನಿಂತಿದ್ದರು. ಪಕ್ಕದಲ್ಲಿ ನಾನಿದ್ದೆ.

"ಆಯ್ತಾ ಮಗಾ?"

ಮೇಡಂ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು. "ಆಯ್ತಮ್ಮ" ಎಂದರು.

ಅಂಕಿಯೊಂದನ್ನು ತಿದ್ದಲಾರದ ಹೆಂಗಸು ಹೇಳಿದ ಮಾತು ಇದು. ಆಮೇಲೆ ನನ್ನನ್ನು ಒಳಗೆ ಕರೆದು, "ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಕೇಳಿದ್ರೆ ನಾನು ಹೇಳ್ಬಿಡ್ತೀನಿ ಮೇಡಂ. ನಂಗೆ ನನ್ ಮೇಲೆ ನಂಬ್ಕೆ ಇಲ್ಲ. ನೀವೂ ಯಾವತ್ತೂ ಬಾಯಿ ಬಿಡ್ಬೇಡಿ" ಎಂದರು. ನಾನು ಒಪ್ಪಿಕೊಂಡೆ. ಆ ಕ್ಷಣದಲ್ಲಿ ಅದು ದೊಡ್ಡ ವಿಷಯವೆಂದು ನನಗೆ ಅನ್ನಿಸಿರಲಿಲ್ಲ.

ಆ ಒಂದು ಮಾತನ್ನು ಕಾಪಾಡಿಕೊಳ್ಳುವುದೇ ಅವರ ಬಾಳಾಯಿತು. ತಾಯಿ ಊರಿಗೆ ಹೋಗಿ ಕೇರಿಗೆಲ್ಲ ಸಿಹಿ ಹಂಚಿದರು. ಮೇಡಂ ಪ್ರತಿ ಶನಿವಾರ ಹೋದಾಗ ಜನ ಸುತ್ತಿಕೊಳ್ಳುತ್ತಿದ್ದರು. ಒಬ್ಬರಿಗೆ ಬಿಪಿ, ಒಬ್ಬರಿಗೆ ಮಂಡಿನೋವು, ಒಬ್ಬರ ಕೂಸಿಗೆ ಭೇದಿ. "ಗಿಡದ ಡಾಕ್ಟ್ರು ಕಣ್ರೋ, ಮನುಷ್ಯರಿಗೆ ನೋಡಲ್ಲ" ಎಂದು ತಾಯಿಯೇ ಹೆಮ್ಮೆಯಿಂದ ಅಟ್ಟುತ್ತಿದ್ದರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ತಾಯಿಯನ್ನು ಕರೆತನ್ನಿ ಎಂದು ಎಲ್ಲರೂ ಹೇಳುವರು, ಇವರಿಗೆ ಪ್ರತಿ ವರ್ಷ ಅದೇ ದಿನ ತಲೆನೋವು ಬರುತ್ತಿತ್ತು. ತಾಯಿ ಚಿಂತಾಮಣಿಗೆ ಬಂದರೆ ನನಗೂ ಇವರಿಗೂ ನಿದ್ದೆ ಇಲ್ಲ. ಓನರಿಗೆ ಏನು ಗೊತ್ತು, ಎಷ್ಟು ಗೊತ್ತು, ಯಾವಾಗ ಬಾಯಿ ತೆರೆಯುತ್ತಾರೋ ಎಂದು ಗೇಟು ಕಾಯುತ್ತಿದ್ದೆವು.

ಒಂದು ಸಲ ಮೂವರೂ ಕೈವಾರದ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ದಾರಿಯಲ್ಲಿ ಹತ್ತಿದ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಬಿ ಹಿಡಿದು ನಿಂತು, ಪ್ರೀತಿಯಿಂದ, ಬಸ್ಸಿಗೆಲ್ಲ ಕೇಳಿಸುವ ಹಾಗೆ, "ಮೇಡಂ, ನಿಮ್ ಟೀ ಗಿಡದ ಪಿಎಚ್‌ಡಿ ಏನಾಯ್ತು ಮೇಡಂ?" ಎಂದಳು. ತಾಯಿ ಉತ್ತರ ಕೊಡಲು ಬಾಯಿ ತೆರೆದರು. ಮೇಡಂ ಧಡಕ್ಕನೆ ಎದ್ದು, "ವಾಂತಿ ಬರ್ತಿದೆ, ನಿಲ್ಸಿ" ಎಂದು ಬಸ್ ನಿಲ್ಲಿಸಿ, ತಾಯಿಯ ರಟ್ಟೆ ಹಿಡಿದು ಇಳಿದೇಬಿಟ್ಟರು. ನಾನೂ ಇಳಿದೆ. ಸುತ್ತ ರಾಗಿ ಕೊಯ್ದ ಬಯಲು, ಒಂದು ಮರದ ನೆರಳಿಲ್ಲ. ತಾಯಿ ಮಗಳ ಬೆನ್ನು ಸವರುತ್ತಾ, "ಬಸ್ಸು ಆಗಲ್ಲ ಇವ್ಳಿಗೆ, ಚಿಕ್ಕೋಳಿಂದಾನೂ" ಎಂದು ನನಗೆ ಹೇಳಿದರು. ಮೇಡಂ ಬಗ್ಗಿ ನಿಂತೇ ಇದ್ದರು. ಅವರಿಗೆ ನಿಜವಾಗಿಯೂ ವಾಂತಿಯಾಯಿತು.

ಯಾಕೆ ಇಷ್ಟು ಸಂಕಟ, ಹೇಳಿಬಿಡಬಾರದೇ ಎಂದು ಅವತ್ತು ಸಂಜೆ ನಮ್ಮ ಮನೆಯಲ್ಲಿ ನಾನು ಸಿಡುಕಿದೆ. "ನೀರಿಗೆ ಕಾದು ಕೂತಿದ್ದೋಳು ಅವ್ಳು, ಜೀವಮಾನದಲ್ಲಿ ಒಂದ್ಸಲ ಯಾರೂ ಕೇಳದೇನೇ ಇನ್ನೊಬ್ರಿಗೆ ನೀರು ಕೊಟ್ಟಿದ್ದಾಳೆ. ಅದನ್ನ ತಪ್ಪು ಅಂತ ನಾನು ಹೇಳ್ಲಾ?" ಎಂದರು. ಆಮೇಲೆ ನಾನು ಈ ಮಾತೆತ್ತಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ತಾಯಿ ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಬಸ್ ಹಿಡಿದು ಪೆರೇಸಂದ್ರದಲ್ಲಿ ಇಳಿದು, ಆಟೋದಲ್ಲಿ ಆ ಹಳ್ಳಿಗೆ ಹೋದೆ. ಮಣ್ಣು ಮಾಡಿ ಬಂದಾಗಿತ್ತು. ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಮೇಡಂ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ತಾಯಿ ಯಾವಾಗಲೂ ಕೂರುತ್ತಿದ್ದದ್ದು ಒಳಕೋಣೆಯ ಬಾಗಿಲಲ್ಲಿ, ಹೊಸ್ತಿಲಿಗೆ ಒರಗಿಕೊಂಡು. ಅಲ್ಲಿ ಈಗ ಯಾರೂ ಕೂತಿರಲಿಲ್ಲ, ಜನ ಆ ಜಾಗ ಬಿಟ್ಟು ದಾಟುತ್ತಿದ್ದರು.

ಕೇರಿಯ ಹಿರಿಯರೊಬ್ಬರು ಬಾಗೇಪಲ್ಲಿ ಕಡೆಯಿಂದ ಬಂದಿದ್ದ ನೆಂಟರನ್ನು ಕರೆತಂದು, "ಇವ್ರೇ ನಮ್ ಡಾಕ್ಟ್ರಮ್ಮ. ತಾಯಿ ಇವ್ರನ್ನ ಡಾಕ್ಟ್ರು ಮಾಡ್ಸೋಗಂಟ ಬಿಡ್ಲಿಲ್ಲ" ಎಂದು ಪರಿಚಯ ಮಾಡಿಸಿದರು. ಮೇಡಂ ತಲೆಯೆತ್ತಿದರು. ಇಷ್ಟು ವರ್ಷ ಈ ಮಾತಿಗೆ ಅವರು ಸುಮ್ಮನೆ ತಲೆ ತಗ್ಗಿಸುವುದನ್ನು ನಾನು ನೋಡಿದ್ದೆ. ಇವತ್ತು ಬಾಯಿ ತೆರೆದರು, ತೆರೆಯುವ ಮೊದಲು ಒಳಕೋಣೆಯ ಬಾಗಿಲ ಕಡೆ ಒಂದು ಸಲ ನೋಡಿದರು.

"ನಾನು ಡಾಕ್ಟ್ರು ಅಲ್ಲಣ್ಣ."

ಹಿರಿಯರಿಗೆ ಕೇಳಿಸಲಿಲ್ಲ. "ಏನಮ್ಮ?" ಎಂದು ಕಿವಿ ಹತ್ತಿರ ತಂದರು. ಮೇಡಂ ಮತ್ತೊಮ್ಮೆ ಆ ಬಾಗಿಲ ಕಡೆ ನೋಡಿ, ಅಲ್ಲಿಗೆ ಕೇಳಿಸಬಾರದೆಂಬಂತೆ, ಅದೇ ಮಾತನ್ನು ಈ ಸಲ ಇನ್ನೂ ಮೆಲ್ಲಗೆ ಹೇಳಿದರು.